ಅಡುಗೆಮನೆಯ ಕಪಾಟಿಗೆ ಎಂತಹ ಬಾಗಿಲು?

ಮನೆ ಕಟ್ಟುವವರು ಹೆಬ್ಬಾಗಿಲಿನ ವಿಷಯದಲ್ಲಿ ತೋರುವ ವಿಚಾರಪರತೆಯನ್ನು ಅಡುಗೆಮನೆಯ ಕಪಾಟಿನ ಬಾಗಿಲುಗಳ ವಿಷಯದಲ್ಲಿ ತೋರುವುದು ಅಪೂರ್ವ. ಹೆಬ್ಬಾಗಿಲಿಗೆ ಯಾವ ಮರ, ಎಷ್ಟು ದಪ್ಪ, ಹೊಸ್ತಿಲು ಎಷ್ಟು ಎತ್ತರ, ಯಾವ ಮುಹೂರ್ತದಲ್ಲಿ ಅದನ್ನು ನಿಲ್ಲಿಸಬೇಕು ಎಂಬುದನ್ನು ಹಿರಿಯರೊಡನೆ ಕುಳಿತು ಆಲೋಚಿಸುವರು. ಆದರೆ ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚಬೇಕಾದ, ಆವಿ, ಎಣ್ಣೆ, ನೀರು, ಅರಿಸಿನಗಳ ನಿತ್ಯ ಸಂಪರ್ಕದಲ್ಲಿ ಬಾಳಬೇಕಾದ, ಮನೆಯ ಉಳಿದೆಲ್ಲ ಬಾಗಿಲುಗಳಿಗಿಂತಲೂ ಹೆಚ್ಚು ದುಡಿಯುವ ಈ ಚಿಕ್ಕ ಬಾಗಿಲುಗಳನ್ನು ಅಂಗಡಿಯ ಪ್ರಖರವಾದ ದೀಪಗಳ ಕೆಳಗೆ, ಅಂಗೈಯಗಲದ ಒಂದು ಮಾದರಿಯ ತುಂಡನ್ನು ನೋಡಿ, ಒಂದು ಸಂಜೆಯೊಳಗೆ ಆರಿಸಿಬಿಡುವರು. ಆಮೇಲೆ ಹತ್ತು ಹದಿನೈದು ವರ್ಷಗಳ ಕಾಲ ಆ ಆಯ್ಕೆಯ ಫಲವನ್ನು ಅನುಭವಿಸುವವರು ಬಹುಮಟ್ಟಿಗೆ ಬೇರೆಯವರು.

ಕಪಾಟಿನ ಬಾಗಿಲಿನ ರೂಪವೆಂಬುದು ಕೇವಲ ಅಭಿರುಚಿಗೆ ಸೇರಿದ ಪ್ರಶ್ನೆಯೆಂಬ ನಂಬಿಕೆ ಸಾಮಾನ್ಯವಾಗಿದೆ. ಅಭಿರುಚಿಗೆ ಅಲ್ಲಿ ಸ್ಥಾನವಿಲ್ಲವೆಂದು ಯಾರೂ ಹೇಳಲಾರರು. ಆದರೆ ಇಂದು ನಮ್ಮ ಮುಂದೆ ಅಲಂಕಾರದ ಬಗೆಗಳೆಂಬಂತೆ ಹರಡಿರುವ ರೂಪಗಳಲ್ಲಿ ಬಹುಪಾಲು ಮೊದಲು ಹುಟ್ಟಿದ್ದು ಯಾವುದೋ ಒಂದು ಪ್ರಯೋಜನಕ್ಕಾಗಿ: ಮರದ ಸ್ವಭಾವವನ್ನು ಪಳಗಿಸಲು, ಗಾಳಿಯನ್ನು ಒಳಬಿಡಲು, ನೊಣವನ್ನು ಹೊರಗಿಡಲು, ಬೆಳಕನ್ನು ಹೆಚ್ಚಿಸಲು, ಇಲ್ಲವೆ ಕೆಲಸದ ಹೊರೆಯನ್ನು ಇಳಿಸಲು. ಆ ಪ್ರಯೋಜನವನ್ನು ಮರೆತು ರೂಪವನ್ನು ಮಾತ್ರ ಕೊಂಡಾಗ ಬಾಗಿಲು ನಮಗೆ ಸೇವೆ ಸಲ್ಲಿಸುವುದಕ್ಕೆ ಬದಲಾಗಿ ನಮ್ಮಿಂದ ಸೇವೆಯನ್ನು ಬೇಡತೊಡಗುವುದು. ಆದ್ದರಿಂದ ಈ ರೂಪಗಳ ಹುಟ್ಟನ್ನೂ ಗುಣದೋಷಗಳನ್ನೂ ಕ್ರಮವಾಗಿ ಪರಿಶೀಲಿಸಿ, ಯಾವುದು ಯಾವ ಎಡೆಗೆ ಸಲ್ಲುವುದೆಂದು ನಿಷ್ಕರ್ಷಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಮತ ಇಷ್ಟು: ಪ್ರತಿದಿನವೂ ಒರೆಸಿ ಕಾಪಾಡುವ ಕೈಗೆ ಒಂದು ಬಾಗಿಲು ಎಷ್ಟು ಶ್ರಮವನ್ನು ಕೊಡುವುದೆಂಬುದೇ ಅದರ ಯೋಗ್ಯತೆಯನ್ನು ಅಳೆಯತಕ್ಕ ಮೊದಲ ಮಾನದಂಡ, ಮತ್ತು ಒಂದೇ ಅಡುಗೆಮನೆಯಲ್ಲಿಯೂ ಎಲ್ಲ ಎಡೆಗಳಿಗೆ ಒಂದೇ ಬಾಗಿಲು ಸಲ್ಲದು.

ಬಾಗಿಲಿಲ್ಲದ ಅಡುಗೆಮನೆ

ನಮ್ಮ ಹಳೆಯ ಅಡುಗೆಮನೆಗಳಲ್ಲಿ ಕಪಾಟಿಗೆ ಬಾಗಿಲೆಂಬುದು ವಿರಳವಾಗಿತ್ತು. ದಪ್ಪನೆಯ ಮಣ್ಣುಗೋಡೆಯಲ್ಲಿ ಬಿಟ್ಟ ಗೂಡುಗಳಲ್ಲಿ ಉಪ್ಪಿನ ಮರಿಗೆ, ಎಣ್ಣೆಯ ಗಿಂಡಿ, ದೀಪ. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಕ್ಕಿಗೆ ಎಟುಕದಂತೆ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು. ಒಲೆಯ ಮೇಲಣ ಅಟ್ಟದಲ್ಲಿ ಹೊಗೆಯ ಕಾವಿಗೆ ಒಣಗಿ ಹುಳು ಹಿಡಿಯದೆ ಉಳಿಯುವ ಪದಾರ್ಥಗಳು. ಹೀಗೆ ಪ್ರತಿಯೊಂದು ವಸ್ತುವಿಗೂ ಅದರ ಸ್ವಭಾವಕ್ಕೆ ತಕ್ಕ ಎಡೆಯಿತ್ತು. ಮುಚ್ಚಬೇಕಾದುದಕ್ಕೆ ಮುಚ್ಚಳವಿತ್ತು, ಗಾಳಿ ಬೇಕಾದುದಕ್ಕೆ ಗಾಳಿಯಿತ್ತು. ತರುವಾಯ ಪಟ್ಟಣದ ಮನೆಗಳಿಗೆ ಬಂದ ಜಾಲರಿಯ ಕಪಾಟು ಇದೇ ವಿವೇಕದ ಮುಂದುವರಿಕೆ. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ಬಡಿದು, ಕಪಾಟಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಗಾಳಿಯಾಡಬೇಕು, ನೊಣ ಕೂರಬಾರದು, ಇರುವೆ ಹತ್ತಬಾರದು ಎಂಬ ಮೂರು ಅಪೇಕ್ಷೆಗಳನ್ನೂ, ಫ್ರಿಜ್ಜು ಇನ್ನೂ ಮನೆಮನೆಗೆ ಬಾರದಿದ್ದ ಕಾಲದಲ್ಲಿ, ಅದು ಒಟ್ಟಿಗೆ ಈಡೇರಿಸುತ್ತಿತ್ತು.

ಅಡುಗೆ ಅನಿಲ ನಗರಗಳಲ್ಲಿ ಹರಡಿ, ನೆಲದ ಮೇಲೆ ಕುಳಿತು ಬೇಯಿಸುವ ಪದ್ಧತಿ ಹಿಂದೆ ಸರಿದು, ನಿಂತು ಕೆಲಸಮಾಡುವ ಕಟ್ಟೆ ಬಂದಾಗ ಕಟ್ಟೆಯ ಕೆಳಗೆ ತಾನಾಗಿಯೇ ಒಂದು ಪೊಳ್ಳು ಏರ್ಪಟ್ಟಿತು. ಅದನ್ನು ಕಡಪ ಕಲ್ಲಿನ ಚಪ್ಪಡಿಗಳಿಂದ ಖಾನೆಗಳಾಗಿ ವಿಭಾಗಿಸಿದರು; ಖಾನೆಗಳ ಮುಂದೆ ಮೊದಲು ಬಟ್ಟೆಯ ಪರದೆಯನ್ನೂ ಆಮೇಲೆ ಮರದ ಬಾಗಿಲನ್ನೂ ಇಳಿಸಿದರು. ಇಂದಿಗೂ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಕಪಾಟಿನ ಒಡಲು ಕಲ್ಲಿನದು, ಬಾಗಿಲು ಮಾತ್ರ ಮರದ್ದು ಅಥವಾ ಪ್ಲೈವುಡ್ಡಿನದು. ಈ ವ್ಯವಸ್ಥೆಯನ್ನು ಹಳತೆಂದು ಹಳಿಯುವುದು ನ್ಯಾಯವಲ್ಲ: ಕಲ್ಲನ್ನು ಗೆದ್ದಲು ತಿನ್ನುವುದಿಲ್ಲ, ನೀರು ಕೆಡಿಸುವುದಿಲ್ಲ, ಬಾಗಿಲು ಹಳತಾದಾಗ ಅದನ್ನಷ್ಟೇ ಬದಲಾಯಿಸಿದರೆ ಸಾಕು.

ಚೌಕಟ್ಟಿನ ಕಾರಣ

ಮರದ ಬಾಗಿಲಿನ ಮೂಲಭೂತವಾದ ಸಮಸ್ಯೆಯೆಂದರೆ, ಕಡಿದು ಒಣಗಿಸಿ ಹಲಗೆಯಾಗಿ ಕೊಯ್ದ ಮೇಲೂ ಮರ ನಿಶ್ಚಲವಾಗುವುದಿಲ್ಲ. ಮಳೆಗಾಲದಲ್ಲಿ ಹವೆಯ ತೇವವನ್ನು ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುವುದು, ಬೇಸಗೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುವುದು. ಎಳೆಯ ಉದ್ದಕ್ಕೆ ಮಾತ್ರ ಈ ಚಲನೆ ಗಣನೆಗೆ ಬಾರದಷ್ಟು ಅಲ್ಪ. ಅಗಲವಾದ ಹಲಗೆಯನ್ನು ಅಲುಗಾಡದಂತೆ ಬಿಗಿದು ಬಾಗಿಲು ಮಾಡಿದರೆ ಅದು ಒಂದು ಋತುವಿನಲ್ಲಿ ಸೆಟೆದುಕೊಂಡು ಮತ್ತೊಂದು ಋತುವಿನಲ್ಲಿ ಸೀಳುವುದು. ಇದಕ್ಕೆ ನಾನಾ ದೇಶಗಳ ಬಡಗಿಗಳು ಕಂಡುಕೊಂಡ ಉತ್ತರ ಒಂದೇ ಬಗೆಯದು. ಎರಡು ನಿಲುಪಟ್ಟಿ, ಎರಡು ಅಡ್ಡಪಟ್ಟಿಗಳನ್ನು ಜೋಡಿಸಿ ಚೌಕಟ್ಟು ಕಟ್ಟಿ, ಅದರ ಒಳ ಅಂಚಿನಲ್ಲಿ ತೋಡಿದ ಸಪೂರವಾದ ಸೀಳಿನಲ್ಲಿ ನಡುವಣ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುವುದು. ಹಲಗೆ ತನ್ನ ಇಚ್ಛೆಯಂತೆ ಹಿಗ್ಗಿ ಕುಗ್ಗಬಹುದು. ಬಾಗಿಲಿನ ಹೊರ ಅಳತೆ ಮಾತ್ರ ಬಹುಮಟ್ಟಿಗೆ ಇದ್ದಂತೆಯೇ ಇರುವುದು. ಹಲಗೆ ದಪ್ಪವಾಗಿದ್ದಲ್ಲಿ ಅದರ ಅಂಚನ್ನು ಸೀಳಿಗೆ ಹೊಂದುವಂತೆ ನಾಲ್ಕು ಕಡೆಯೂ ಹೆರೆದು ತೆಳುಮಾಡಬೇಕಾಗುತ್ತಿತ್ತು. ಹಾಗೆ ಹೆರೆದಾಗ ನಡುವಣ ಭಾಗ ಉಬ್ಬಿ ನಿಲ್ಲುತ್ತಿತ್ತು. ಇಂದು ವೈಭವದ ಗುರುತಾಗಿ ಬೆಲೆ ತೆತ್ತು ಕೊಳ್ಳುವ ಉಬ್ಬುಹಲಗೆಯ ಬಾಗಿಲಿನ ಮೂಲ ಈ ಹೆರೆತದಲ್ಲಿದೆ.

ಆ ಉಬ್ಬನ್ನೂ ಬಿಟ್ಟುಕೊಟ್ಟು, ಚೌಕಟ್ಟಿನ ನಡುವೆ ಸಪಾಟಾದ ಹಲಗೆಯನ್ನಷ್ಟೇ ಉಳಿಸಿಕೊಂಡ ರೂಪಕ್ಕೆ ಶೇಕರ್ ಬಾಗಿಲೆಂಬ ಹೆಸರು ಬಂದಿದೆ. ಶೇಕರರು ಒಂದು ಧಾರ್ಮಿಕ ಪಂಗಡದವರು; ಆನ್ ಲೀ ಎಂಬ ಸಾಧ್ವಿಯ ನೇತೃತ್ವದಲ್ಲಿ 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು, ಬ್ರಹ್ಮಚರ್ಯವನ್ನೂ ಸಾಮೂಹಿಕ ಜೀವನವನ್ನೂ ವ್ರತವಾಗಿ ಸ್ವೀಕರಿಸಿ, ಕೈಗೆಲಸವನ್ನು ಉಪಾಸನೆಯ ಅಂಗವೆಂದು ತಿಳಿದು ಬಾಳಿದವರು. ಪ್ರಯೋಜನವಿಲ್ಲದ ಅಲಂಕರಣ ಅವರಿಗೆ ಸಮ್ಮತವಾಗಿರಲಿಲ್ಲ. ಅವರ ವಾಸಗೃಹಗಳಲ್ಲಿ ಗೋಡೆಯೊಳಗೇ ಸೇರಿಸಿ ಕಟ್ಟಿದ ಖಾನೆಗಳೂ ಕಪಾಟುಗಳೂ ಸಾಲುಸಾಲಾಗಿ ಇದ್ದುವು. ಧೂಳು ಕೂರುವ ಎಡೆಯನ್ನು ಕಡಮೆಮಾಡಿ ಒಪ್ಪವನ್ನು ಸುಲಭಗೊಳಿಸುವುದು ಅವರ ಕಟ್ಟೋಣದ ಒಂದು ಲಕ್ಷಣವಾಗಿತ್ತು. ಸಂಯಮದ ಆ ಬಾಗಿಲು ಇಂದು ಅಮೆರಿಕದ ಅಡುಗೆಮನೆಗಳ ಅತ್ಯಂತ ಪರಿಚಿತ ರೂಪವಾಗಿ, ಅಲ್ಲಿಂದ ನಮ್ಮ ನಗರಗಳ ಅಂಗಡಿಗಳಿಗೂ ಬಂದಿದೆ.

ಆದರೆ ಬರುವ ದಾರಿಯಲ್ಲಿ ಒಂದು ಮಾರ್ಪಾಡಾಗಿದೆ. ಇಂದಿನ ಶೇಕರ್ ಬಾಗಿಲು ಬಹುಧಾ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮೇಲೆ ಯಂತ್ರದಿಂದ ಚೌಕಟ್ಟಿನ ಆಕಾರವನ್ನು ಕೊರೆದು ಬಣ್ಣ ಬಳಿದದ್ದು. ಎಂಡಿಎಫ್‌ಗೆ ಎಳೆಯ ದಿಕ್ಕೆಂಬುದಿಲ್ಲವಾದ್ದರಿಂದ ಚೌಕಟ್ಟಿನ ಮೂಲ ಕಾರಣ ಅಲ್ಲಿ ಉಳಿದಿಲ್ಲ. ಉಳಿದಿರುವುದು ಅದರ ನೋಟ ಮತ್ತು ಕೆಳಗಿನ ಅಡ್ಡಪಟ್ಟಿಯ ಮೇಲಂಚಿನ ಕಿರಿದಾದ ಮೆಟ್ಟಿಲು. ಒಗ್ಗರಣೆಯ ಎಣ್ಣೆಯಾವಿಯೂ ಹಿಟ್ಟಿನ ಧೂಳೂ ಸೇರಿ ಅಂಟಾಗಿ ಕೂರುವುದು ಆ ಮೆಟ್ಟಿಲಿನ ಮೇಲೆಯೇ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬಿಳಿಯ ಶೇಕರ್ ಬಾಗಿಲುಗಳ ಮುಂದೆ ಸಾಸಿವೆ ಸಿಡಿಸಿ ಅರಿಸಿನ ಹಾಕುವಾಗ ಈ ಕಷ್ಟವನ್ನು ಚೆನ್ನಾಗಿ ಅರಿತಿರುವರು. ಹೊಗೆಯನ್ನು ಹೊರಕ್ಕೆ ಸಾಗಿಸದೆ ಸೋಸಿ ಮತ್ತೆ ಒಳಕ್ಕೇ ಬಿಡುವ ಯಂತ್ರವಿರುವ ಮನೆಗಳಲ್ಲಂತೂ ಅದು ಇಮ್ಮಡಿ. ಹೀಗೆಂದು ಈ ರೂಪವನ್ನು ತಿರಸ್ಕರಿಸಬೇಕಾಗಿಲ್ಲ. ಚೌಕಟ್ಟಿನ ನೆರಳುಗೆರೆ ಉದ್ದನೆಯ ಕಪಾಟುಸಾಲಿಗೆ ಒಂದು ಲಯವನ್ನು ಕೊಡುವುದು, ಬೋಳುತನವನ್ನು ತಪ್ಪಿಸುವುದು. ಒಲೆಯಿಂದ ದೂರದ ಗೋಡೆಗೆ ಅದು ಭೂಷಣವೇ ಸರಿ. ಉಬ್ಬುಹಲಗೆಗೂ ಮೇಲ್ಗಡೆ ಕಮಾನು ತಿರುಗಿಸಿದ ಬಾಗಿಲಿಗೂ ಇದೇ ಮಾತು ಸಲ್ಲುವುದು, ಇನ್ನಷ್ಟು ಬಿಗಿಯಾಗಿ. ಏಕೆಂದರೆ ಅವುಗಳಲ್ಲಿ ಗೆರೆಗಳು ಹೆಚ್ಚು, ಆಳ ಹೆಚ್ಚು, ಒರೆಸುವ ಬಟ್ಟೆಯ ತುದಿ ಹೋಗದ ಮೂಲೆಗಳು ಹೆಚ್ಚು.

ಸಪಾಟು ಬಾಗಿಲು

ಚೌಕಟ್ಟನ್ನೇ ತ್ಯಜಿಸಿದ, ಒಂದೇ ಫಲಕವಾಗಿರುವ ಸಪಾಟು ಬಾಗಿಲು ಇಪ್ಪತ್ತನೆಯ ಶತಮಾನದ ಕೊಡುಗೆಯೆನ್ನಬಹುದು. ಅದರ ಹಿಂದಣ ವಿಚಾರವನ್ನು ಅರಿಯಲು ಜರ್ಮನಿಯ ಫ್ರಾಂಕ್‌ಫರ್ಟ್ ನಗರದತ್ತ ನೋಡಬೇಕು. ಅಲ್ಲಿ ಅರ್ನ್ಸ್ಟ್ ಮೇ ಅವರ ಮುಂದಾಳುತನದಲ್ಲಿ ನಡೆದ ವಸತಿ ಯೋಜನೆಗಾಗಿ ಮಾರ್ಗರೆಟ್ ಶುಟ್ಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ 1926ರಲ್ಲಿ ಒಂದು ಅಡುಗೆಮನೆಯನ್ನು ರೂಪಿಸಿದರು. ಅಗಲ ಸುಮಾರು 1.9 ಮೀಟರ್, ಉದ್ದ ಸುಮಾರು 3.4 ಮೀಟರ್; ಅಷ್ಟರಲ್ಲಿಯೇ ಗೃಹಿಣಿಯ ಪ್ರತಿಯೊಂದು ಹೆಜ್ಜೆಯನ್ನೂ ಕೈಚಾಚನ್ನೂ ಲೆಕ್ಕಹಾಕಿ, ಕಪಾಟು, ಕಟ್ಟೆ, ಒಲೆಗಳನ್ನು ಹೊಂದಿಸಿಟ್ಟರು. ಹಿಟ್ಟಿಗೆ ಹುಳು ಹಿಡಿಯದಿರಲೆಂದು ಅದರ ಖಾನೆಗಳನ್ನು ಓಕ್ ಮರದಿಂದ ಮಾಡಿಸಿದರು. ಬೇಳೆಕಾಳುಗಳಿಗೆ ಸುರಿಯಲು ಅನುಕೂಲವಾದ ಅಲ್ಯುಮಿನಿಯಮ್ ಸೇರುಗಳನ್ನು ಸಾಲಾಗಿ ಜೋಡಿಸಿದರು. ನೊಣಗಳು ದೂರವಿರುವುವೆಂಬ ನಂಬಿಕೆಯಿಂದ ಕಪಾಟುಗಳಿಗೆ ನೀಲಿಹಸಿರಿನ ಬಣ್ಣವನ್ನು ಆರಿಸಿದರು. ಅಂತಹ ಅಡುಗೆಮನೆಗಳು ಸುಮಾರು 10,000 ಮನೆಗಳಲ್ಲಿ ನಿರ್ಮಾಣಗೊಂಡುವು. ಇಂದು ಮಾಡ್ಯುಲರ್ ಕಿಚನ್ ಎಂದು ನಮ್ಮಲ್ಲಿ ಕರೆಯುವುದೆಲ್ಲವೂ ಈ ವಂಶಕ್ಕೆ ಸೇರಿದುದು.

ಲಿಹೋಟ್ಸ್ಕಿಯವರ ವಿನ್ಯಾಸದಿಂದ ನಾವು ಕಲಿಯಬೇಕಾದುದು ಬಣ್ಣವನ್ನಲ್ಲ, ಬಾಗಿಲಿನ ಆಕಾರವನ್ನೂ ಅಲ್ಲ. ಖಾನೆಯ ಮುಖ ಎಂತಹುದಿರಬೇಕೆಂಬುದನ್ನು ಖಾನೆಯೊಳಗಿನ ವಸ್ತುವೇ ನಿರ್ಣಯಿಸಬೇಕೆಂಬ ತತ್ತ್ವವನ್ನು. ಅದೇ ವಿನ್ಯಾಸದ ಒಂದು ಕೊರತೆಯೂ ನಮಗೆ ಪಾಠವಾಗತಕ್ಕದ್ದು. ಅದು ಒಬ್ಬರೇ ನಿಂತು ದುಡಿಯುವುದಕ್ಕಾಗಿ ಅಳೆದ ಕೋಣೆ. ಹಬ್ಬದ ದಿನ ಒಬ್ಬರು ಒಬ್ಬಟ್ಟು ತಟ್ಟುತ್ತ, ಮತ್ತೊಬ್ಬರು ಕಾಯಿ ತುರಿಯುತ್ತ, ಮಗದೊಬ್ಬರು ಪಾತ್ರೆ ತೊಳೆಯುತ್ತ ಇರುವ ನಮ್ಮ ಅಡುಗೆಮನೆಗಳಲ್ಲಿ, ತೆರೆದ ಬಾಗಿಲು ಎಷ್ಟು ದೂರ ಚಾಚಿ ಯಾರ ದಾರಿಯನ್ನು ಅಡ್ಡಗಟ್ಟುವುದೆಂಬುದು ಮುಖ್ಯವಾದ ಪ್ರಶ್ನೆ. 45 ಸೆಂಟಿಮೀಟರ್ ಅಗಲದ ಬಾಗಿಲು ತೆರೆದಾಗ ಓಡಾಟದ ಎಡೆಯಲ್ಲಿ ಅಷ್ಟನ್ನೂ ನುಂಗುವುದು. 60 ಸೆಂಟಿಮೀಟರಿನ ಅಗಲವಾದ ಬಾಗಿಲು ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದಲ್ಲದೆ ತನ್ನ ಭಾರದಿಂದಲೇ ತಿರುಗಣಿಯನ್ನು ಜಗ್ಗುವುದು. ಅಗಲವಾದ ಖಾನೆಗೆ ಕಿರಿದಾದ ಜೋಡಿಬಾಗಿಲುಗಳೇ ಲೇಸು.

ಸಪಾಟು ಬಾಗಿಲನ್ನು ಸಾಧ್ಯವಾಗಿಸಿದ್ದು ಪ್ಲೈವುಡ್ ಮತ್ತು ಲ್ಯಾಮಿನೇಟ್ ಎಂಬೆರಡು ಸಾಮಗ್ರಿಗಳು. ಮರವನ್ನು ತೆಳುಹಾಳೆಗಳಾಗಿ ಸುಲಿದು, ಒಂದರ ಎಳೆ ಮತ್ತೊಂದರ ಎಳೆಗೆ ಅಡ್ಡಬರುವಂತೆ ಒಂದರ ಮೇಲೊಂದಿಟ್ಟು, ಅಂಟು ಹಾಕಿ ಕಾವಿನಲ್ಲಿ ಒತ್ತಿದರೆ ಪ್ಲೈವುಡ್. ಪ್ರತಿಯೊಂದು ಪದರದ ಹಿಗ್ಗುವಿಕೆಯನ್ನು ಅದರ ನೆರೆಯ ಪದರ ತಡೆಯುವುದರಿಂದ, ಹಿಂದೆ ಚೌಕಟ್ಟು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹಲಗೆಯ ಒಳರಚನೆಯೇ ಮಾಡುವುದು. ಲ್ಯಾಮಿನೇಟ್ ಎಂಬುದು ಫೀನಾಲ್ ರಾಳದಲ್ಲಿ ನೆನೆದ ಕಂದು ಕಾಗದದ ಪದರಗಳ ಮೇಲೆ ಮೆಲಮೈನ್ ರಾಳ ಹೀರಿದ ಬಣ್ಣದ ಕಾಗದವನ್ನಿಟ್ಟು, ಹೆಚ್ಚಿನ ಶಾಖ ಮತ್ತು ಒತ್ತಡದಲ್ಲಿ ಒಂದಾಗಿಸಿದ ಗಟ್ಟಿಯಾದ ಹಾಳೆ. ಇವೆರಡರ ಕೂಟದಿಂದ ಗೆರೆಯಿಲ್ಲದ, ಮೂಲೆಯಿಲ್ಲದ, ಒಂದೇ ಬೀಸಿನಲ್ಲಿ ಒರೆಸಬಹುದಾದ ಮುಖ ದೊರೆಯಿತು. ನಿತ್ಯವೂ ಒಗ್ಗರಣೆ ಬೀಳುವ ಅಡುಗೆಮನೆಗೆ ಇದಕ್ಕಿಂತ ಹಿತವಾದ ರೂಪ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೋಳಾಗಿ ಕಾಣುವುದೆಂಬುದು ಇದರ ಮೇಲಣ ಆಕ್ಷೇಪ. ಬಾಗಿಲುಗಳ ಅಳತೆಯಲ್ಲಿ ಪ್ರಮಾಣವಿದ್ದು, ಮರದ ಎಳೆಯ ವಿನ್ಯಾಸವಿರುವಲ್ಲಿ ಎಲ್ಲ ಬಾಗಿಲುಗಳಲ್ಲಿಯೂ ಎಳೆ ಒಂದೇ ದಿಕ್ಕಿನಲ್ಲಿ ಹರಿದು, ನಡುವಣ ಸಂದುಗಳು ನೇರವಾಗಿ ಸಮನಾಗಿದ್ದರೆ, ಆ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ಗಾಳಿ ಮತ್ತು ಬೆಳಕಿನ ಬಾಗಿಲುಗಳು

ಇನ್ನು ಓರೆಪಟ್ಟಿಗಳ ಬಾಗಿಲು. ಚೌಕಟ್ಟಿನ ನಡುವೆ ಹಲಗೆಗೆ ಬದಲಾಗಿ ಕಿರುಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಈ ರೂಪ ಕಿಟಕಿಯಿಂದ ಕಪಾಟಿಗೆ ಬಂದುದು. ಗಾಳಿಯಾಡಿಸುವುದು ಇದರ ಗುಣ. ಪ್ರತಿಯೊಂದು ಪಟ್ಟಿಯನ್ನೂ ಬೇರೆಬೇರೆಯಾಗಿ ಒರೆಸಬೇಕಾಗುವುದು ಇದರ ದೋಷ. ಆದ್ದರಿಂದ ಇಡೀ ಅಡುಗೆಮನೆಗೆ ಇದನ್ನು ಹಾಕಿಸುವುದು ಅವಿವೇಕ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಇಡುವ ಖಾನೆಗೆ ಹಾಕಿಸದಿರುವುದೂ ಅಷ್ಟೇ ಅವಿವೇಕ. ಅನಿಲದ ಸಿಲಿಂಡರನ್ನು ಕಟ್ಟೆಯ ಕೆಳಗೆ ಇಡುವ ಮನೆಗಳಲ್ಲಂತೂ ಇದು ಅಂದಚಂದದ ಮಾತಲ್ಲ, ಪ್ರಾಣರಕ್ಷಣೆಯ ಮಾತು. ಅಡುಗೆ ಅನಿಲ ಗಾಳಿಗಿಂತ ಭಾರವಾದುದು; ಸೋರಿದರೆ ಕೆಳಗಿಳಿದು ನೆಲದ ಮಟ್ಟದಲ್ಲಿ ನಿಲ್ಲುವುದು. ಸಂದಿಲ್ಲದಂತೆ ಮುಚ್ಚುವ ಬಾಗಿಲಿನ ಹಿಂದೆ ಅದು ಯಾರ ಅರಿವಿಗೂ ಬಾರದೆ ಶೇಖರವಾಗುವುದು. ಆ ಖಾನೆಯ ಬಾಗಿಲಿನಲ್ಲಿ, ವಿಶೇಷವಾಗಿ ತಳಭಾಗದಲ್ಲಿ, ಗಾಳಿಯ ಕಿಂಡಿಗಳು ಇರಲೇಬೇಕು. ಉಳಿದ ಬಾಗಿಲುಗಳಂತೆಯೇ ಕಾಣಲಿ ಎಂಬ ಕಾರಣದಿಂದ ಅವನ್ನು ಮುಚ್ಚಿಸುವುದು ಅಕ್ಷಮ್ಯ.

ಗಾಜಿನ ಬಾಗಿಲು ಬೆಳಕಿನ ಬಾಗಿಲು. ಒಂದೇ ಕಿಟಕಿಯ ಇಕ್ಕಟ್ಟಾದ ಅಡುಗೆಮನೆಯಲ್ಲಿ ಮೇಲಣ ಕಪಾಟುಗಳ ಒಂದೆರಡು ಮುಖಗಳು ಗಾಜಿನವಾದರೆ ಗೋಡೆ ಹಿಂದೆ ಸರಿದಂತೆ ಕಾಣುವುದು; ಯಾವ ಪಾತ್ರೆ ಎಲ್ಲಿದೆಯೆಂದು ಹುಡುಕುವ ಕೆಲಸವೂ ತಪ್ಪುವುದು. ಆದರೆ ಗಾಜಿನ ಹಿಂದೆ ಇರುವುದೆಲ್ಲ ಸದಾ ಒಪ್ಪವಾಗಿರಬೇಕೆಂಬ ಬಂಧನವನ್ನು ಅದು ಮನೆಯವರ ಮೇಲೆ ಹೇರುವುದು. ನಿತ್ಯೋಪಯೋಗದ ಡಬ್ಬಿಗಳಿರುವ ಖಾನೆಗೆ ಪಾರದರ್ಶಕವಾದುದಕ್ಕಿಂತ ಮಂಜುಗಾಜು ಅಥವಾ ಉದ್ದಗೆರೆಗಳ ಗಾಜು ಯುಕ್ತ. ಯಾವುದಾದರೂ ಹದಗೊಳಿಸಿದ ಗಾಜೇ ಆಗಿರತಕ್ಕದ್ದು. ಒಡೆದಾಗ ಅದು ಚೂಪಾದ ಸೀಳುಗಳಾಗದೆ ಮೊಂಡಾದ ಸಣ್ಣ ಹರಳುಗಳಾಗಿ ಉದುರುವುದು. ಮೊಣಕಾಲು ತಗಲುವ, ಮಕ್ಕಳು ಓಡಾಡುವ ಕೆಳಗಣ ಖಾನೆಗಳಿಗೆ ಗಾಜು ಸಲ್ಲದು. ಜಾಲರಿಯ ಬಾಗಿಲು ಇಂದು ಬಹುಮಟ್ಟಿಗೆ ಮರೆಯಾಗಿದ್ದರೂ, ಹಣ್ಣು ತರಕಾರಿಗಳ ಖಾನೆಗೆ ಅದನ್ನು ಮರಳಿ ತರುವುದು ಪ್ರಶಂಸನೀಯ. ತುಕ್ಕು ಹಿಡಿಯದ ಉಕ್ಕಿನ ಬಲೆ ಈಗ ಎಲ್ಲೆಡೆಯೂ ದೊರೆಯುವುದು.

ಬಾಗಿಲೇ ಬೇಡವೆನ್ನುವ ತೆರೆದ ಹಲಗೆಗಳ ಪಕ್ಷವೂ ಒಂದುಂಟು. ದಿನವೂ ತೆಗೆದು ತೊಳೆದು ಇಡುವ ತಟ್ಟೆ ಲೋಟಗಳಿಗೆ ಅದು ಒಪ್ಪುವುದು; ವರುಷಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗಳಿಗೆ ಒಪ್ಪದು. ಇದಕ್ಕೆ ವಿರುದ್ಧವಾಗಿ, ಕಟ್ಟೆಯ ಕೆಳಗೆ ಬಾಗಿಲಿಗೆ ಬದಲು ಮುಂದಕ್ಕೆ ಎಳೆಯುವ ಡ್ರಾಯರುಗಳನ್ನು ಇಡಿಸುವ ಪದ್ಧತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಬಾಗಿಲನ್ನು ತೆರೆದವರು ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತು, ಕತ್ತಲೆಯೊಳಗೆ ಕೈಚಾಚಿ ಹಿಂದಿನ ಸಾಲಿನ ಡಬ್ಬಿಯನ್ನು ತಡಕಬೇಕು. ಡ್ರಾಯರು ಆ ಡಬ್ಬಿಯನ್ನೇ ಬೆಳಕಿಗೆ ತಂದು ನಿಲ್ಲಿಸುವುದು. ಮಂಡಿಯ ನೋವಿರುವ ಹಿರಿಯರ ಮನೆಯಲ್ಲಿ ಈ ಒಂದು ಬದಲಾವಣೆಯ ಉಪಕಾರ ಉಳಿದೆಲ್ಲ ಅಲಂಕಾರಗಳ ಮೊತ್ತವನ್ನು ಮೀರುವುದು.

ಒಳಗಣ ತಿರುಳು, ಹೊರಗಣ ಹೊದಿಕೆ

ರೂಪ ಎಷ್ಟು ಸುಂದರವಾಗಿದ್ದರೂ ಬಾಗಿಲಿನ ಆಯುಷ್ಯ ನಿಂತಿರುವುದು ಕಣ್ಣಿಗೆ ಕಾಣದ ತಿರುಳಿನ ಮೇಲೆ. ಪ್ಲೈವುಡ್ಡುಗಳೆಲ್ಲ ಒಂದೇ ಅಲ್ಲ. ಐಎಸ್ 303 ಎಂಬ ಭಾರತೀಯ ಮಾನಕ ಸಾಮಾನ್ಯ ತೇವವನ್ನು ತಾಳುವ ದರ್ಜೆಯನ್ನೂ ಕುದಿನೀರನ್ನು ಸಹಿಸುವ ದರ್ಜೆಯನ್ನೂ ವಿಂಗಡಿಸಿದೆ; ಐಎಸ್ 710 ಎಂಬುದು ಮೆರೀನ್ ಪ್ಲೈವುಡ್ಡಿನ ಮಾನಕ, ಅದರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಪದರಗಳು ಬಿಡಬಾರದು. ಸಾಮಾನ್ಯ ತೇವವನ್ನು ಮಾತ್ರ ತಾಳುವ ದರ್ಜೆ ಮಲಗುವ ಕೋಣೆಯ ಬೀರುವಿಗೆ ಸಾಕು, ಅಡುಗೆಮನೆಗೆ ಸಾಲದು. ಎಂಡಿಎಫ್ ನುಣುಪಾದುದು, ಬಣ್ಣವನ್ನು ಚೆನ್ನಾಗಿ ಹಿಡಿಯುವುದು, ಬೇಕಾದ ಆಕಾರಕ್ಕೆ ಕೊರೆಯಲು ಒದಗುವುದು. ಆದರೆ ಸಾಧಾರಣ ದರ್ಜೆಯದರೊಳಗೆ ಒಮ್ಮೆ ನೀರಿಳಿದರೆ ಉಬ್ಬಿ, ಮತ್ತೆ ಮೊದಲಿನ ಸ್ಥಿತಿಗೆ ಬರಲಾರದು. ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಅಗ್ಗವಾದರೂ, ನೀರಿಗೆ ಇನ್ನೂ ದುರ್ಬಲ. ತಿರುಗಣಿಯ ತಿರುಪನ್ನು ಬಹುಕಾಲ ಹಿಡಿದಿಡುವ ಶಕ್ತಿಯೂ ಅದಕ್ಕೆ ಕಡಮೆ. ಗಟ್ಟಿಮರದ ಆಸೆಯುಳ್ಳವರಿಗೆ ತೇಗ ಇಂದಿಗೂ ಶ್ರೇಷ್ಠ, ಅದರ ಚಲನೆ ಅಲ್ಪ, ಅದರೊಳಗಣ ಎಣ್ಣೆ ಗೆದ್ದಲಿಗೆ ಅಪ್ರಿಯ; ಕರಾವಳಿ ಮಲೆನಾಡುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹಲಸಿನ ಹಳದಿಯ ಹಲಗೆ ವರ್ಷ ಕಳೆದಂತೆ ಕಂದಿಗೆ ತಿರುಗಿ ಮತ್ತಷ್ಟು ಗಂಭೀರವಾಗುವುದು. ಆದರೆ ಮರದಿಂದ ಮಾಡಿಸುವಾಗ ಚೌಕಟ್ಟಿನ ಕ್ರಮವನ್ನು ಬಿಡಲಾಗದು.

ಹೊದಿಕೆಗಳಲ್ಲಿ ಲ್ಯಾಮಿನೇಟು ಮಿತವ್ಯಯಕ್ಕೂ ಬಾಳಿಕೆಗೂ ಹೆಸರಾದುದು. ಅದನ್ನು ಹೊರಮುಖಕ್ಕೆ ಮಾತ್ರ ಅಂಟಿಸಿ ಒಳಮುಖವನ್ನು ಬರಿದಾಗಿ ಬಿಟ್ಟರೆ ಎರಡು ಮುಖಗಳ ಎಳೆತ ಸಮನಾಗದೆ ಬಾಗಿಲು ಬಿಲ್ಲಿನಂತೆ ಬಾಗುವುದು. ಒಳಗೂ ತೆಳುವಾದ ಹಾಳೆಯೊಂದು ಇರಲೇಬೇಕು. ನೀರು ಬಾಗಿಲನ್ನು ಪ್ರವೇಶಿಸುವುದು ಮುಖದಿಂದಲ್ಲ, ಅಂಚಿನಿಂದ; ಆದ್ದರಿಂದ ಅಂಚುಪಟ್ಟಿಯನ್ನು ಯಂತ್ರದ ಶಾಖದಿಂದ ನಾಲ್ಕು ಕಡೆಯೂ, ಕಣ್ಣಿಗೆ ಕಾಣದ ಕೆಳಗಡೆಯಲ್ಲಿ ಕೂಡ, ಬಿಗಿಯಾಗಿ ಕೂರಿಸಿದೆಯೇ ಎಂಬುದನ್ನು ಬೆರಳಾಡಿಸಿ ನೋಡಬೇಕು. ಅಕ್ರಿಲಿಕ್ ಹೊದಿಕೆ ಕನ್ನಡಿಯಂತೆ ಹೊಳೆಯುವುದು, ಒರಟಾದ ತಿಕ್ಕುವ ನಾರಿನಿಂದ ಅದರ ಮೇಲೆ ಬೇಗ ಗೀರು ಬೀಳುವುದು. ಪಿವಿಸಿ ಪೊರೆಯನ್ನು ಎಂಡಿಎಫ್ ಮೇಲೆ ಹೀರಿಸಿ ಕೂರಿಸಿದ ಮೆಂಬ್ರೇನ್ ಬಾಗಿಲು ಎಲ್ಲ ಉಬ್ಬುತಗ್ಗುಗಳನ್ನೂ ಸುಲಭವಾಗಿ ಹೊದೆಯುವುದು, ಒಲೆಯ ಸಮೀಪದ ಬಿಸಿಗೆ ಅಂಚಿನಲ್ಲಿ ಬಿಟ್ಟುಕೊಳ್ಳುವುದು. ಪಿಯು ಎಂದು ಕರೆಯುವ ಪಾಲಿಯುರೆಥೇನ್ ಬಣ್ಣ ನಯದಲ್ಲಿ ಅಸದೃಶ, ಬೆಲೆಯಲ್ಲಿ ದುಬಾರಿ, ಪಾತ್ರೆ ತಗುಲಿದರೆ ಚಕ್ಕೆ ಏಳುವುದು. ಕೆಟ್ಟಲ್ಲಿ ತಿದ್ದಿ ಮತ್ತೆ ಬಳಿಯಬಹುದೆಂಬುದು ಅದರ ಹಿರಿಮೆ. ವಿನೀರು ನಿಜವಾದ ಮರದ ತೆಳುಸೀಳು; ಪಾಲಿಷಿನ ಆರೈಕೆಯನ್ನು ಬೇಡುವುದರಿಂದ ನೀರು ಸಿಡಿಯುವಲ್ಲಿಗೆ ತಕ್ಕುದಲ್ಲ.

ಸೀಮೆಯ ಹವೆ ಮತ್ತು ತಿರುಗಣಿ

ಬಾಗಿಲನ್ನು ಕಪಾಟಿಗೆ ಹೊಂದಿಸುವುದರಲ್ಲಿಯೂ ಎರಡು ಸಂಪ್ರದಾಯಗಳುಂಟು. ಖಾನೆಯ ಚೌಕಟ್ಟಿನ ಒಳಗೆ ಮಟ್ಟಸವಾಗಿ ಕೂರುವ ಬಾಗಿಲು ಒಂದು. ಖಾನೆಯ ಅಂಚುಗಳನ್ನು ಹೊರಗಿನಿಂದ ಪೂರ್ತಿಯಾಗಿ ಮುಚ್ಚುವ ಬಾಗಿಲು ಇನ್ನೊಂದು. ಒಳಕೂರುವ ಬಾಗಿಲು ಉತ್ತಮ ಬಡಗಿಯ ಕೈಚಳಕಕ್ಕೆ ಸಾಕ್ಷಿ. ಅದರ ಸುತ್ತಣ ಸಂದು ಎರಡು ಮೂರು ಮಿಲಿಮೀಟರನ್ನು ಮೀರುವಂತಿಲ್ಲ. ಆದರೆ ಆಗುಂಬೆ, ಮಡಿಕೇರಿಗಳ ಕಡೆ ತಿಂಗಳುಗಟ್ಟಲೆ ಮಳೆ ಹಿಡಿದಾಗ ಮರ ಹಿಗ್ಗಿ ಆ ಸಂದು ಮುಚ್ಚುವುದು, ಬಾಗಿಲು ಸಿಕ್ಕಿಕೊಳ್ಳುವುದು. ಆ ಸೀಮೆಗಳಿಗೆ ಹೊರಗಿನಿಂದ ಮುಚ್ಚುವ ಬಾಗಿಲೇ ಕ್ಷೇಮ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಶುಷ್ಕತೆಯೇ ಶತ್ರು. ಅಲ್ಲಿ ಚೆನ್ನಾಗಿ ಒಣಗಿಸದ ಮರ ಬಿರುಕು ಬಿಡುವುದು. ಮಂಗಳೂರು, ಕುಮಟೆಗಳ ಉಪ್ಪುಗಾಳಿ ಬಾಗಿಲಿಗಿಂತ ಮೊದಲು ಅದರ ಲೋಹವನ್ನು ತಿನ್ನುವುದು. ಕರಾವಳಿಯವರು ತುಕ್ಕು ಹಿಡಿಯದ ಉಕ್ಕಿನ ತಿರುಗಣಿಗಳಿಗಾಗಿ ಮಾಡುವ ವೆಚ್ಚ ಎಂದಿಗೂ ವ್ಯರ್ಥವಾಗದು. ಬಾಗಿಲಿನ ಒಳಗೆ 35 ಮಿಲಿಮೀಟರಿನ ಬಟ್ಟಲು ಕೊರೆದು ಅಡಗಿಸುವ ಇಂದಿನ ತಿರುಗಣಿಯಲ್ಲಿ ತಿರುಪುಗಳಿಂದ ಬಾಗಿಲನ್ನು ಎಲ್ಲ ದಿಕ್ಕುಗಳಿಗೂ ಅಷ್ಟಿಷ್ಟು ಸರಿಸಬಹುದು. ಜೋತುಬಿದ್ದ ಬಾಗಿಲನ್ನು ಮನೆಯವರೇ ನೆಟ್ಟಗೆ ಮಾಡಿಕೊಳ್ಳಬಹುದಾದ ಈ ಅನುಕೂಲವನ್ನು ಎಲ್ಲರೂ ಕಲಿತಿರುವುದು ಒಳ್ಳೆಯದು. ಹೊದಿಕೆಯ ಹೊಳಪಿಗೆ ಸುರಿಯುವ ಹಣದಲ್ಲಿ ಒಂದಂಶವನ್ನು ಉಳಿಸಿ ತಿರುಳಿಗೂ ತಿರುಗಣಿಗೂ ಕೊಡಬೇಕೆಂಬುದೇ ಈ ಭಾಗದ ಸಾರ.

ಎಡೆಯರಿತು ಬಾಗಿಲು

ಇಷ್ಟನ್ನೂ ಕೂಡಿಸಿ ನೋಡಿದಾಗ, ಇಡೀ ಅಡುಗೆಮನೆಗೆ ಒಂದೇ ಬಗೆಯ ಬಾಗಿಲನ್ನು ಆರಿಸುವ ರೂಢಿಯ ದೋಷ ಸ್ಪಷ್ಟವಾಗುವುದು. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ತೇವ ನಿತ್ಯವಾದುದು: ಅಲ್ಲಿ ಮೆರೀನ್ ಪ್ಲೈವುಡ್ಡಿನ ಇಲ್ಲವೆ ಅಲ್ಯುಮಿನಿಯಮ್ ಚೌಕಟ್ಟಿನ, ನೆಲದಿಂದ ನಾಲ್ಕು ಅಂಗುಲ ಮೇಲೆ ನಿಲ್ಲುವ ಸಪಾಟು ಬಾಗಿಲು ಬೇಕು, ನೆಲಕ್ಕೆ ನೀರು ಸುರಿದು ತೊಳೆಯುವ ನಮ್ಮ ಪದ್ಧತಿಯಲ್ಲಿ ಆ ನಾಲ್ಕು ಅಂಗುಲ ಅತ್ಯವಶ್ಯ. ಒಲೆಯ ಎಡಬಲಗಳಲ್ಲಿಯೂ ಮೇಲೆಯೂ ಎಣ್ಣೆ ಮತ್ತು ಆವಿ: ಅಲ್ಲಿ ಗೆರೆಯಿಲ್ಲದ ಲ್ಯಾಮಿನೇಟು. ಕುಕ್ಕರಿನ ಸಿಳ್ಳಿನ ಆವಿ ನೇರವಾಗಿ ತಾಗುವ ಮೇಲಣ ಬಾಗಿಲಿನ ಕೆಳ ಅಂಚು ಬೇಗ ಕೆಡುವ ಭಾಗ; ಅದನ್ನು ಅಲ್ಯುಮಿನಿಯಮ್ ಪಟ್ಟಿಯಿಂದ ರಕ್ಷಿಸಬಹುದು. ದವಸದ ಖಾನೆಗೆ ಸಂದಿಲ್ಲದ ಬಾಗಿಲು, ತರಕಾರಿಗೆ ಜಾಲರಿ, ಸಿಲಿಂಡರಿಗೆ ಓರೆಪಟ್ಟಿ, ಕಿಟಕಿಯ ಎದುರಿನ ಮೇಲಣ ಕಪಾಟಿಗೆ ಗಾಜು. ಊಟದ ಮನೆಗೆ ಮುಖಮಾಡಿದ, ಒಲೆಗೆ ದೂರವಾದ ಗೋಡೆಯಲ್ಲಿ ಚೌಕಟ್ಟಿನ ಬಾಗಿಲಿನ ಆಸೆಯನ್ನು ಧಾರಾಳವಾಗಿ ತೀರಿಸಿಕೊಳ್ಳಬಹುದು. ಹೀಗೆ ಬೇರೆಬೇರೆಯಾದರೆ ನೋಟ ಚದುರುವುದಿಲ್ಲವೇ ಎಂಬ ಶಂಕೆಗೆ ಉತ್ತರವುಂಟು: ಬಣ್ಣ ಒಂದೇ ಕುಲಕ್ಕೆ ಸೇರಿರಲಿ, ಹಿಡಿಗಳು ಒಂದೇ ಬಗೆಯವಾಗಿರಲಿ, ಬಾಗಿಲುಗಳ ಮೇಲಂಚು ಕೆಳಂಚುಗಳು ಒಂದೇ ರೇಖೆಯಲ್ಲಿ ಸಾಗಲಿ. ಏಕತೆ ಈ ಮೂರರಿಂದಲೇ ಸಿದ್ಧಿಸುವುದು.

ಬಣ್ಣದ ವಿಷಯದಲ್ಲಿ ಎರಡು ಅತಿಗಳೂ ವರ್ಜ್ಯ. ಅಚ್ಚ ಬಿಳುಪು ಅರಿಸಿನವನ್ನು ಸಾರುವುದು; ಕಡುಗಪ್ಪು ಹಿಟ್ಟನ್ನೂ, ಗಡಸು ನೀರಿನ ಹನಿ ಒಣಗಿ ಉಳಿದ ಸುಣ್ಣದ ಕಲೆಯನ್ನೂ, ಪ್ರತಿಯೊಂದು ಬೆರಳಿನ ಗುರುತನ್ನೂ ಸಾರುವುದು. ಕೆನೆ, ಬೂದು, ತಿಳಿಹಸಿರು, ನಸುಗಂದುಗಳಂತಹ ಮಧ್ಯಮ ಛಾಯೆಗಳು ಬೆಳಕನ್ನೂ ಕೊಡುವುವು, ಎರಡು ಒರೆಸುವಿಕೆಗಳ ನಡುವೆ ವಿರಾಮವನ್ನೂ ಕೊಡುವುವು. ಹಿಡಿಯ ವಿಷಯದಲ್ಲಿ ನೆನಪಿಡಬೇಕಾದುದು, ಅಡುಗೆಮನೆಯಲ್ಲಿ ಕೈ ಒದ್ದೆಯಾಗಿರುವುದು ಅಥವಾ ಹಿಟ್ಟು ಮೆತ್ತಿರುವುದು. ಒತ್ತಿದರೆ ತೆರೆಯುವ, ಹಿಡಿಯಿಲ್ಲದ ಬಾಗಿಲುಗಳು ನೋಡಲು ಸೊಗಸಾದರೂ ಒತ್ತಿದ ಕಡೆಯಲ್ಲೆಲ್ಲ ಕಲೆಯನ್ನು ಉಳಿಸಿಕೊಳ್ಳುವುವು. ತುದಿ ಚಾಚಿದ ಚೂಪಾದ ಹಿಡಿಗಳು ಸೀರೆಯ ಸೆರಗನ್ನು ಸಿಕ್ಕಿಸಿ ಎಳೆಯುವುವು. ಉರಿಯುವ ಒಲೆಯ ಬಳಿ ಇದು ಅಪಾಯಕರ. ಎರಡು ತುದಿಗಳೂ ಬಾಗಿಲಿಗೆ ಬಾಗಿ ಸೇರುವ, ನಾಲ್ಕು ಬೆರಳು ಸಲೀಸಾಗಿ ಹಿಡಿಯುವ ಸಾದಾ ಹಿಡಿ ಎಲ್ಲಕ್ಕಿಂತ ಮೇಲು.

ಆರಿಸುವ ಹಕ್ಕು

ಕೊನೆಯದಾಗಿ, ಆರಿಸತಕ್ಕವರು ಯಾರೆಂಬ ಪ್ರಶ್ನೆ. ನಮ್ಮ ಬಹುಪಾಲು ಮನೆಗಳಲ್ಲಿ ಗುತ್ತಿಗೆದಾರನೊಡನೆ ಮಾತನಾಡುವವರು ಒಬ್ಬರು, ಹಣ ಕೊಡುವವರು ಒಬ್ಬರು, ಬಾಗಿಲಿನ ಮುಂದೆ ನಿಂತು ದುಡಿಯುವವರು ಇನ್ನೊಬ್ಬರು, ಅದನ್ನು ಒರೆಸುವವರು ಕೆಲವೊಮ್ಮೆ ಮತ್ತೊಬ್ಬರು. ನಿರ್ಣಯ ಮೊದಲಿಬ್ಬರದು, ಶ್ರಮ ಕಡೆಯಿಬ್ಬರದು ಎಂಬ ಈ ವಿಭಜನೆಯೇ ಹೆಚ್ಚಿನ ತಪ್ಪು ಆಯ್ಕೆಗಳ ಬೇರು. ಅಡುಗೆ ಮಾಡುವ ತಾಯಿ, ಸೊಸೆ, ಮಗ, ಕೆಲಸಕ್ಕೆ ಬರುವ ಹೆಣ್ಣುಮಗಳು, ಯಾರ ಕೈ ಆ ಬಾಗಿಲಿನ ಮೇಲೆ ಹೆಚ್ಚು ಆಡುವುದೋ ಅವರ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು. ಅಂಗಡಿಯಿಂದ ಎರಡು ಮೂರು ಮಾದರಿಯ ತುಂಡುಗಳನ್ನು ಮನೆಗೆ ತಂದು, ಅವುಗಳ ಮೇಲೆ ಬಿಸಿಯೆಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಹಚ್ಚಿ, ಒಂದಂಚನ್ನು ನೀರಿನಲ್ಲಿ ಅದ್ದಿ ಒಂದು ರಾತ್ರಿ ಬಿಟ್ಟು, ಮರುದಿನ ಬೆಳಗ್ಗೆ ಅವರೇ ತಮ್ಮ ನಿತ್ಯದ ಬಟ್ಟೆಯಿಂದ ಒರೆಸಿ ನೋಡಲಿ. ಕಲೆ ಯಾವುದರಲ್ಲಿ ಉಳಿಯಿತು, ಅಂಚು ಯಾವುದರಲ್ಲಿ ಉಬ್ಬಿತು, ಕೈಗೆ ಯಾವುದು ಹಗುರವಾಯಿತು ಎಂಬುದನ್ನು ಅವರು ಹೇಳಿದ ಮೇಲೆ, ಉಳಿದವುಗಳಲ್ಲಿ ಕಣ್ಣಿಗೆ ಒಪ್ಪುವುದನ್ನು ಮನೆಮಂದಿಯೆಲ್ಲ ಕೂಡಿ ಆರಿಸಬಹುದು. ಅಭಿರುಚಿಗೆ ತಕ್ಕ ಸ್ಥಾನ ಅಲ್ಲಿದೆ. ಶ್ರಮದ ಲೆಕ್ಕ ಮುಗಿದ ಅನಂತರ, ಅದಕ್ಕಿಂತ ಮೊದಲಲ್ಲ.